ಪರಕಾರದಂಥ ಪುಟ್ಟ ಡ್ಯಾಫೋಡಿಲ್ ಬೆಳಗಾವಿಯಲ್ಲಿ ಬೆಳೆಯುತ್ತಾ?

ಪ್ರಶ್ನೆ: ಉಬ್ಬಿದ ಲಂಗದ ಹಾಗಿರುವ ಪುಟ್ಟ ಹಳದಿ ಡ್ಯಾಫೋಡಿಲ್ ಫೋಟೊ ನೋಡಿ ಮರುಳಾದೆ. ನಮ್ಮಲ್ಲೂ ಚಳಿ ಇದೆಯಲ್ಲ, ಹಿತ್ತಲಲ್ಲಿ ನೆಡಬಹುದಾ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ನೀವು ನೋಡಿದ್ದು ನಾರ್ಸಿಸಸ್ ಬಲ್ಬೊಕೋಡಿಯಂ. ಸ್ಪೇನ್, ಪೋರ್ಚುಗಲ್, ಮೊರಾಕ್ಕೊ ಕಡೆಯ ಕಾಡುಹೂವು. ಗಿಡ ಒಂದು ಗೇಣೂ ಇರುವುದಿಲ್ಲ. ನಡುವಿನ ಬಟ್ಟಲು ನಮ್ಮ ಹುಡುಗಿಯರ ಪರಕಾರದಂತೆ ಅರಳಿರುತ್ತದೆ, ಸುತ್ತಲಿನ ಎಸಳು ಬರೀ ಎಳೆಗಳಷ್ಟೇ. ಮರುಳಾಗುವ ಹೂವೇ ಬಿಡಿ!

ಕುಂಡದಲ್ಲಿ ಪ್ರಯತ್ನಿಸಿ, ನೆಲಕ್ಕೆ ಬೇಡ. ಎಲ್ಲರೂ ಚಳಿಯ ಬಗ್ಗೆಯೇ ಕೇಳುತ್ತಾರೆ. ನನಗೆ ಜಾಸ್ತಿ ಚಿಂತೆ ಮಳೆಯದು. ಅದರ ಊರಲ್ಲಿ ಮಳೆ ಚಳಿಗಾಲಕ್ಕೆ, ಬೇಸಿಗೆ ಪೂರ್ತಿ ಒಣ. ಆ ಒಣ ತಿಂಗಳುಗಳಲ್ಲಿ ಗಡ್ಡೆ ಮಣ್ಣೊಳಗೆ ನಿದ್ದೆ ಮಾಡುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದು ಮಲಗಿರುವಾಗಲೇ ಮಳೆ ಹೊಡೆಯುತ್ತದೆ. ಗಡ್ಡೆ ಕೊಳೆಯದೆ ಇನ್ನೇನಾದೀತು? ರೋಹಿಣಿ ಮಳೆಗೆ ಮುಂಚೆಯೇ ಕುಂಡವನ್ನು ಸೂರಿನ ಕೆಳಗೆ ಎತ್ತಿಡಿ. ನೀರು ಹಾಕಬೇಡಿ.

ಇನ್ನು ಚಳಿ. ಬೆಳಗಾವಿಯ ಜನವರಿ ನಮಗೆ ಶಾಲು ಹೊದಿಸುತ್ತದೆ, ಈ ಗಡ್ಡೆಗೆ ಅಷ್ಟು ಸಾಲದು. ಸುಮಾರು 12 ವಾರ ಫ್ರಿಜ್ಜಿನ ತಂಪು ಕೊಡಿ. ಸಣ್ಣ ಗಡ್ಡೆ ಬೇಗ ಒಣಗಿ ಸೊರಗುತ್ತದೆ, ಹಾಗಾಗಿ ಸೆಪ್ಟೆಂಬರ್‌ನಲ್ಲಿ ಚಿಕ್ಕ ಕುಂಡದಲ್ಲಿ ನೆಟ್ಟು ಕುಂಡವನ್ನೇ ಒಳಗಿಡಿ. ಮಣ್ಣು ತುಸು ತೇವ ಇರಲಿ. ಹತ್ತಿರ ಸೇಬು, ಬಾಳೆಹಣ್ಣು ಬೇಡ, ಅವು ಬಿಡುವ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನು ಕೆಡಿಸುತ್ತದೆ. ಕುಂಡಕ್ಕೊಂದು ಚೀಟಿ ಅಂಟಿಸಿ. ಡ್ಯಾಫೋಡಿಲ್ ಗಡ್ಡೆಯಲ್ಲಿ ಲೈಕೊರಿನ್ ಎಂಬ ವಿಷ ಇದೆ. ಉಳ್ಳಾಗಡ್ಡಿ ಅಂತ ಯಾರಾದರೂ ಹೆಚ್ಚಿಬಿಟ್ಟರೆ ವಾಂತಿ, ಹೊಟ್ಟೆನೋವು ತಪ್ಪದು. ಮಕ್ಕಳಿರುವ ಮನೆಯಾದರೆ ಇನ್ನಷ್ಟು ಹುಷಾರು.

ಎರೆ ಮಣ್ಣು ನೀರು ಹಿಡಿದಿಡುತ್ತದೆ, ಬೇಡ. ಮಸಾರಿ ಮಣ್ಣಿಗೆ ಉಸುಕು ಬೆರೆಸಿ. ಡಿಸೆಂಬರ್‌ನಲ್ಲಿ ಕುಂಡ ಹೊರಗೆ ತಂದು ಬೆಳಗಿನ ಬಿಸಿಲಿಗಿಡಿ. ಹೂ ಬಾಡಿದ ಮೇಲೆ ಎಲೆ ಕತ್ತರಿಸಬೇಡಿ. ಹುಲ್ಲಿನಂಥ ಆ ಎಲೆಗಳೇ ಮುಂದಿನ ವರ್ಷದ ಹೂವಿಗೆ ಗಡ್ಡೆಯಲ್ಲಿ ಆಹಾರ ತುಂಬುವುದು. ತಾವಾಗಿ ಹಳದಿಯಾಗಲಿ.

ಇಷ್ಟು ಮಾಡಿದರೂ ಪ್ರತಿ ವರ್ಷ ಹೂ ಬಿಡುತ್ತದೆ ಅಂತ ನಾನು ಮಾತು ಕೊಡಲಾರೆ. ಮೊದಲ ಸಲ ಕೈ ಹಾಕುವವರಾದರೆ ಬಿಳಿ ಪೇಪರ್‌ವೈಟ್ ನಾರ್ಸಿಸಸ್ ತನ್ನಿ. ಅದಕ್ಕೆ ಫ್ರಿಜ್ಜಿನ ಚಳಿ ಬೇಕಿಲ್ಲ, ಘಮವಂತೂ ಮನೆ ತುಂಬ. ನೆಲದಲ್ಲೇ ಬೇಕು ಅಂದರೆ ರೇನ್ ಲಿಲ್ಲಿ ಇದೆಯಲ್ಲ, ಅದೂ ಇದೇ ಕುಟುಂಬದ್ದು. ನಮ್ಮ ಮಳೆಗೇ ಕಾದು ಅರಳುತ್ತದೆ.