ಗಾಯ ತೊಳೆದ ರಾತ್ರಿಯ ದೀಕ್ಷಾಸ್ನಾನ

ದೀಕ್ಷಾಸ್ನಾನ, ಅಂದರೆ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ, ಅಂದ ಕೂಡಲೇ ಏಳುವ ಪ್ರಶ್ನೆ ಒಂದೇ: ಮುಳುಗಿಸಬೇಕಾ, ತಲೆ ಮೇಲೆ ನೀರು ಹಾಕಿದರೆ ಸಾಕಾ? ಅದಕ್ಕೆ ಆಮೇಲೆ ಬರೋಣ. ಮೊದಲು ಬೈಬಲಿನ ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ತೆಗೆಯಿರಿ, 22ರಿಂದ 34ನೇ ವಚನ.

ಊರು ಫಿಲಿಪ್ಪಿ. ಯೇಸುವಿನ ಸುದ್ದಿ ಸಾರುತ್ತಿದ್ದ ಪೌಲ, ಸೀಲ ಇಬ್ಬರಿಗೂ ಛಡಿಯೇಟು ಬಿದ್ದಿದೆ. ಸೆರೆಮನೆಯ ಯಜಮಾನ ಅವರನ್ನು ಒಳಗಿನ ಕೋಣೆಗೆ ಹಾಕಿ, ಕಾಲಿಗೆ ಕೋಳ ಬಿಗಿದು ಮಲಗುತ್ತಾನೆ. ಗಾಯಕ್ಕೆ ನೀರು ಕೊಟ್ಟ ಮಾತೇ ಇಲ್ಲ. ನಡುರಾತ್ರಿ ಭೂಕಂಪ. ಬಾಗಿಲೆಲ್ಲ ತೆರೆದಿದೆ. ಕೈದಿಗಳು ಓಡಿಹೋದರು ಅಂದುಕೊಂಡು ಅವನು ತನ್ನನ್ನೇ ಕೊಂದುಕೊಳ್ಳಲು ಕತ್ತಿ ಹಿರಿಯುತ್ತಾನೆ. ‘ನಾವೆಲ್ಲ ಇಲ್ಲೇ ಇದ್ದೇವೆ’ ಅಂತ ಪೌಲ ಕೂಗುತ್ತಾನೆ. ರಕ್ಷಣೆಗೆ ಏನು ಮಾಡಬೇಕು ಅಂತ ಯಜಮಾನ ಕೇಳಿದಾಗ, ಯೇಸುವನ್ನು ನಂಬು ಅನ್ನುತ್ತಾರೆ.

ಈಗ 33ನೇ ವಚನ ನಿಧಾನವಾಗಿ ಓದಿ. ಅದೇ ರಾತ್ರಿ ಯಜಮಾನ ಅವರ ಗಾಯ ತೊಳೆಯುತ್ತಾನೆ. ಕೂಡಲೇ ಅವನಿಗೂ ಮನೆಯವರಿಗೂ ದೀಕ್ಷಾಸ್ನಾನ ಆಗುತ್ತದೆ. ಅವನು ತೊಳೆದ, ಅವನನ್ನೂ ತೊಳೆದರು. ಬೆಳಗಾಗುವ ತನಕವೂ ಕಾಯಲಿಲ್ಲ. ಆಮೇಲೆ ಮನೆಗೆ ಕರೆದು ಊಟ ಬಡಿಸುತ್ತಾನೆ. ನನಗೆ ಈ ಪಾಠದಲ್ಲಿ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಇದೇ.

ಇದರ ಪಕ್ಕಕ್ಕೆ ರೋಮಾಪುರದವರಿಗೆ 6:3-4 ಇಟ್ಟು ನೋಡಿ. ದೀಕ್ಷಾಸ್ನಾನದಲ್ಲಿ ನಾವು ಕ್ರಿಸ್ತನ ಜೊತೆ ಹೂಳಲ್ಪಟ್ಟೆವು, ಹೊಸ ಬದುಕಿನಲ್ಲಿ ನಡೆಯಲಿಕ್ಕೆ ಅಂತ ಪೌಲ ಬರೆಯುತ್ತಾನೆ. ಸಂಜೆ ಕೋಳ ಬಿಗಿದ ಕೈ ರಾತ್ರಿ ಗಾಯ ತೊಳೆಯಿತಲ್ಲ, ಹೊಸ ಬದುಕು ಅಂದರೆ ಅದೇ ಅಲ್ವಾ? ಸುಮ್ನೆ ಮೈ ಕೊಳೆ ಹೋಗುವ ಸ್ನಾನ ಇದಲ್ಲ ಅಂತ 1 ಪೇತ್ರ 3:21 ಕೂಡ ಹೇಳುತ್ತದೆ.

ಇನ್ನು ನೀರಿನ ಪ್ರಶ್ನೆ. ದೀಕ್ಷಾಸ್ನಾನಕ್ಕೆ ಬಳಸಿದ ಗ್ರೀಕಿನ ‘ಬಾಪ್ಟಿಜೋ’ ಅಂದರೆ ಅದ್ದು, ಮುಳುಗಿಸು. ಆದರೆ ದಿದಾಖೆ ಎಂಬ ಬಹಳ ಹಳೆಯ ಸಭಾ ಕೈಪಿಡಿ, ಹರಿಯುವ ನೀರು ಒಳ್ಳೆಯದು, ಸಾಕಷ್ಟು ನೀರು ಸಿಗದಿದ್ದರೆ ತಲೆ ಮೇಲೆ ಮೂರು ಸಲ ಸುರಿಯಿರಿ ಅನ್ನುತ್ತದೆ. ಕಥೋಲಿಕರು, ಸಿಎಸ್‌ಐನವರು (ದಕ್ಷಿಣ ಭಾರತ ಸಭೆ) ಮಕ್ಕಳಿಗೂ ಕೊಡುತ್ತಾರೆ. ಬ್ಯಾಪ್ಟಿಸ್ಟ್, ಪೆಂತೆಕೋಸ್ತ್ ಸಭೆಗಳಲ್ಲಿ ನಂಬಿಕೆ ಅರಿಕೆ ಮಾಡಿದವರಿಗೆ ಮಾತ್ರ. ‘ಮನೆಯವರೆಲ್ಲ’ ಎಂಬ ಮಾತನ್ನು ಎರಡು ಕಡೆಯವರೂ ಹಿಡಿಯುತ್ತಾರೆ. ಅವರ ವಯಸ್ಸನ್ನು ವಚನ ಹೇಳಿಲ್ಲ, ಹಾಗಾಗಿ ಇದೊಂದರಿಂದಲೇ ವಾದ ಮುಗಿಸಬೇಡಿ.

ಯೇಸುವಿನ ಪಕ್ಕದಲ್ಲಿ ಶಿಲುಬೆಯ ಮೇಲಿದ್ದು, ಕೊನೆ ಗಳಿಗೆಯಲ್ಲಿ ರಕ್ಷಣೆ ಪಡೆದ ಕಳ್ಳನಿಗೆ ದೀಕ್ಷಾಸ್ನಾನ ಎಲ್ಲಾಯಿತು ಅಂತ ಕೇಳುವವರಿದ್ದಾರೆ. ನಿಜ, ಆಗಲಿಲ್ಲ. ಅವನಿಗೆ ಕೆಳಗಿಳಿಯುವ ದಾರಿಯೇ ಇರಲಿಲ್ಲ. ನಮಗೆ ಇದೆ, ದೀಕ್ಷಾಸ್ನಾನ ಮಾಡಿಸಿ ಎಂಬ ಮತ್ತಾಯ 28:19ರ ಅಪ್ಪಣೆಯೂ ಇದೆ.

ಮುಂದಿನ ಪಾಠಕ್ಕೆ ಅಪೊಸ್ತಲರ ಕೃತ್ಯಗಳು 8:26-39 ಓದಿಕೊಂಡು ಬನ್ನಿ. ದಾರಿಯಲ್ಲಿ ‘ಇಗೋ ನೀರು’ ಅಂತ ಮೊದಲು ಹೇಳಿದ್ದು ಸುವಾರ್ತೆ ಸಾರುವ ಫಿಲಿಪ್ಪನೋ, ಐಥಿಯೋಪ್ಯದ ಕಂಚುಕಿಯೋ (ರಾಣಿಯ ಅಧಿಕಾರಿ), ಗುರುತು ಹಾಕಿಕೊಳ್ಳಿ.