ಮೊದಲು ಚೀಟಿ, ಆಮೇಲೆ ಮಾತು

ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಸಂಜೆ ಶಾಲೆಯ ಜಗುಲಿಯಲ್ಲಿ ಯುವಕ ಸಂಘದ ಸಭೆ. ಇರೋದು ಒಂದೇ ವಿಷಯ: ಶುದ್ಧ ನೀರಿನ ಘಟಕದ ಮುಂದೆ ದಿನಾ ಬೆಳಿಗ್ಗೆ ಉದ್ದ ಸಾಲು. ಐದು ರೂಪಾಯಿ ನಾಣ್ಯ ಹಾಕಿ ಒಂದು ಕ್ಯಾನ್ ತುಂಬಿಸಿಕೊಳ್ಳಲು ಗಂಟೆಗಟ್ಟಲೆ ಕಾಯಬೇಕು. ದಾವಣಗೆರೆ, ಚಿತ್ರದುರ್ಗದ ಈ ಬರಡು ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬರುತ್ತದೆ, ವಯಸ್ಸಾದವರಿಗೆ ಕೀಲು ಬಿಗಿಯುತ್ತದೆ. ಘಟಕದ ನೀರು ಬಿಟ್ಟರೆ ಊರಿಗೆ ಬೇರೆ ದಾರಿ ಇಲ್ಲ.

ಅಧ್ಯಕ್ಷ ಮೊದಲು ಮಾತಾಡಿದ. "ಇನ್ನೊಂದು ಬೋರ್ ಕೊರೆಸಬೇಕು. ಎಂಎಲ್‌ಎ ಹತ್ರ ಹೋಗೋಣ." "ಹೌದಣ್ಣ" ಅಂದ ಒಬ್ಬ. "ಅದೇ ಸರಿ" ಅಂದ ಇನ್ನೊಬ್ಬ. ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. ಬಾಗಿಲ ಹತ್ತಿರ ನಿಂತಿದ್ದ ಪಿಯುಸಿ ಓದುವ ಹುಡುಗಿಯೊಬ್ಬಳು ಏನೋ ಹೇಳಲು ಬಾಯಿ ತೆರೆದು, ಹಾಗೇ ಸುಮ್ಮನಾದಳು.

ಹೌದಪ್ಪನ ಚಾವಡಿಯಲ್ಲಿ ಹೌದಪ್ಪ ಅನ್ನುವ ಮಾತು ನಮ್ಮಲ್ಲಿ ಹಳೆಯದು. 1951ರಲ್ಲಿ ಅಮೆರಿಕದ ಮನೋವಿಜ್ಞಾನಿ ಸಾಲೊಮನ್ ಆಶ್ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಒಂದು ಗೆರೆ ತೋರಿಸಿ, ಪಕ್ಕದ ಮೂರು ಗೆರೆಗಳಲ್ಲಿ ಯಾವುದು ಇಷ್ಟೇ ಉದ್ದ ಇದೆ ಎಂದು ಕೇಳುವುದು, ಅಷ್ಟೇ. ಚಿಕ್ಕ ಮಕ್ಕಳೂ ಹೇಳಬಹುದಾದ ಉತ್ತರ. ಆದರೆ ಕೋಣೆಯಲ್ಲಿದ್ದವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಅವರ ಕಡೆಯವರು. ಅವರು ಮೊದಲೇ ಮಾತಾಡಿಕೊಂಡಂತೆ ಒಬ್ಬರ ಹಿಂದೆ ಒಬ್ಬರು ತಪ್ಪು ಉತ್ತರ ಹೇಳುತ್ತಿದ್ದರು. ಆ ಒಬ್ಬನ ಸರದಿ ಬಂದಾಗ, ಹೆಚ್ಚುಕಮ್ಮಿ ಮೂರರಲ್ಲಿ ಒಂದು ಸಲ ಅವನೂ ಕಣ್ಣೆದುರಿನ ಗೆರೆಯನ್ನು ಬಿಟ್ಟು ಗುಂಪಿನ ಉತ್ತರವನ್ನೇ ಹೇಳಿದ. ನೂರಕ್ಕೆ ಎಪ್ಪತ್ತೈದು ಜನ ಒಮ್ಮೆಯಾದರೂ ಹಾಗೆ ಜಾರಿದರು. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಮುಂದಿನ ಭಾಗ. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಸಾಕು, ಈ ಜಾರುವಿಕೆ ಕಾಲು ಭಾಗಕ್ಕೆ ಇಳಿಯಿತು. ಬಾಗಿಲ ಹತ್ತಿರದ ಹುಡುಗಿಗೆ ಬೇಕಾಗಿದ್ದದ್ದು ಇಂಥ ಒಂದು ಜೊತೆ.

ಹಾಗಂತ ಗುಂಪಿಗೆ ಬುದ್ಧಿ ಇಲ್ಲ ಎಂದಲ್ಲ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಊರಿನ ದನದ ಜಾತ್ರೆಯಲ್ಲಿ ಒಂದು ಸ್ಪರ್ಧೆ ಇತ್ತು. ಎತ್ತನ್ನು ಕಡಿದು ಶುಚಿ ಮಾಡಿದ ಮೇಲೆ ಮಾಂಸ ಎಷ್ಟು ತೂಗುತ್ತದೆ ಎಂದು ಊಹಿಸಿ ಚೀಟಿಯಲ್ಲಿ ಬರೆಯಬೇಕು. ಅಲ್ಲಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಆ 787 ಚೀಟಿಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿ ನಟ್ಟನಡುವಿನ ಸಂಖ್ಯೆ ತೆಗೆದರು. ಅದು 1207 ಪೌಂಡ್. ನಿಜವಾದ ತೂಕ 1198 ಪೌಂಡ್, ಅಂದರೆ ಸುಮಾರು 543 ಕಿಲೋ. ತಪ್ಪಿದ್ದು ನಾಲ್ಕು ಕಿಲೋ ಮಾತ್ರ! ಕಸಾಯಿಗಳು, ರೈತರು, ಏನೂ ಗೊತ್ತಿಲ್ಲದವರು ಎಲ್ಲರೂ ಸೇರಿ ಹೇಳಿದ ಲೆಕ್ಕ ಇದು. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ರಾಶಿ ಮುಂದೆ ನಿಮ್ಮ ಗೆಳೆಯರ ಜೊತೆ ನೀವೂ ಮಾಡಿ ನೋಡಬಹುದು. ಒಂದೇ ಷರತ್ತು: ಒಬ್ಬರ ಊಹೆ ಇನ್ನೊಬ್ಬರ ಕಿವಿಗೆ ಬೀಳಬಾರದು.

ಆ ಷರತ್ತು ಮುರಿದರೆ ಏನಾಗುತ್ತದೆ? 2011ರಲ್ಲಿ ಪ್ರಕಟವಾದ ಜೂರಿಕ್‌ನ ಅಧ್ಯಯನವೊಂದು ಇದನ್ನು ನೋಡಿತು. ವಿದ್ಯಾರ್ಥಿಗಳಿಗೆ ಉಳಿದವರ ಉತ್ತರ ತೋರಿಸಿದಾಗ ಉತ್ತರಗಳೆಲ್ಲ ಒಂದರ ಹತ್ತಿರ ಒಂದು ಬಂದವು. ಆದರೆ ಸತ್ಯಕ್ಕೆ ಹತ್ತಿರ ಬರಲಿಲ್ಲ. ನಮ್ಮ ಉತ್ತರವೇ ಸರಿ ಅನ್ನುವ ಧೈರ್ಯ ಮಾತ್ರ ಹೆಚ್ಚಿತು.

ಮುಂದಿನ ವಾರ ಅದೇ ಜಗುಲಿಯಲ್ಲಿ ಮತ್ತೆ ಸೇರಿದಾಗ ನಾನು ಒಂದೇ ಒಂದು ವಿನಂತಿ ಮಾಡಿದೆ. ಹತ್ತು ನಿಮಿಷ ಯಾರೂ ಮಾತಾಡಬಾರದು. ಸಾಲು ಯಾಕೆ ಉದ್ದ ಆಗುತ್ತಿದೆ, ನಿಮಗೆ ಕಂಡಿದ್ದನ್ನು ಚೀಟಿಯಲ್ಲಿ ಬರೆಯಿರಿ, ಹೆಸರು ಬೇಡ. ಅಧ್ಯಕ್ಷ ಕೊನೆಗೆ ಮಾತಾಡಲಿ. ಪಾಪ, ಅವನು ತಕ್ಷಣ ಒಪ್ಪಿದ.

ಹದಿನೇಳು ಚೀಟಿ ಬಂದವು. ಸುಮಾರು ಚೀಟಿಗಳಲ್ಲಿ ಬೋರ್ ಅಂತಲೇ ಇತ್ತು. ಒಂದರಲ್ಲಿ ಮಾತ್ರ, "ಬೆಳಿಗ್ಗೆ ಮೇಲಿನ ಟ್ಯಾಂಕಿನಲ್ಲಿ ನೀರೇ ಇರಲ್ಲ, ನಲ್ಲಿ ಸಣ್ಣಗೆ ಬರುತ್ತೆ, ಮಧ್ಯಾಹ್ನ ಜೋರಾಗಿ ಬರುತ್ತೆ" ಎಂದಿತ್ತು. ದಿನಾ ಕ್ಯಾನ್ ಹಿಡಿದು ನಿಲ್ಲುವವರಿಗೆ ಮಾತ್ರ ಗೊತ್ತಿರುವ ವಿಷಯ ಇದು. ಸಂಘದ ಹುಡುಗರಲ್ಲಿ ಯಾರೂ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ.

ಎಲ್ಲರಿಗೂ ಗೊತ್ತಿರುವುದೇ ಸಭೆಯಲ್ಲಿ ಮತ್ತೆ ಮತ್ತೆ ಚರ್ಚೆಗೆ ಬರುತ್ತದೆ, ಒಬ್ಬರಿಗೇ ಗೊತ್ತಿರುವುದು ಅವರಲ್ಲೇ ಉಳಿಯುತ್ತದೆ. 1985ರಲ್ಲಿ ಮನೋವಿಜ್ಞಾನಿಗಳಾದ ಗ್ಯಾರಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ ಇದನ್ನು ಅಳೆದು ನೋಡಿದರು. ಒಂದು ಹುದ್ದೆಗೆ ಮೂವರಲ್ಲಿ ಒಬ್ಬರನ್ನು ಆರಿಸಬೇಕು. ಎಲ್ಲರಿಗೂ ಪೂರ್ತಿ ಮಾಹಿತಿ ಕೊಟ್ಟಾಗ ಶೇಕಡಾ 83 ಗುಂಪುಗಳು ಒಳ್ಳೆಯ ಅಭ್ಯರ್ಥಿಯನ್ನೇ ಆರಿಸಿದವು. ಅದೇ ಮಾಹಿತಿಯನ್ನು ತುಂಡು ತುಂಡಾಗಿ ಹಂಚಿದಾಗ ಶೇಕಡಾ 18 ಗುಂಪುಗಳು ಮಾತ್ರ. ಕೂತು ಚರ್ಚೆ ಮಾಡಿದ ಮೇಲೂ ಇಷ್ಟೇ.

ಆ ಒಂದು ಚೀಟಿ ಹಿಡಿದು ನಾವು "ಯಾಕೆ" ಕೇಳುತ್ತಾ ಹೋದೆವು. ಜಪಾನಿನ ಟೊಯೋಟಾ ಕಾರ್ಖಾನೆಗಳಲ್ಲಿ ಬೆಳೆದ ಪದ್ಧತಿ ಇದು, ಸಾಮಾನ್ಯವಾಗಿ ಐದು ಸಲ ಕೇಳುತ್ತಾರೆ. ನಲ್ಲಿ ಯಾಕೆ ಸಣ್ಣಗೆ? ಟ್ಯಾಂಕ್ ಖಾಲಿ. ಯಾಕೆ ಖಾಲಿ? ರಾತ್ರಿ ಮೋಟರ್ ಓಡುತ್ತಿಲ್ಲ. ಯಾಕೆ? ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟ್ ಬರುವುದು ನಡುರಾತ್ರಿ, ಆಗ ಸ್ವಿಚ್ ಹಾಕುವವರಿಲ್ಲ. ಆಟೋ ಸ್ಟಾರ್ಟರ್ ಇತ್ತಲ್ಲ? ಸುಟ್ಟು ಹೋಗಿ ಮೂರು ತಿಂಗಳಾಯಿತು. ಯಾಕೆ ರಿಪೇರಿ ಆಗಲಿಲ್ಲ? ನೀರುಗಂಟಿ ಅದು ಘಟಕದವರ ಕೆಲಸ ಅಂದುಕೊಂಡಿದ್ದರು, ಘಟಕದವರು ಪಂಚಾಯ್ತಿ ಕೆಲಸ ಅಂದುಕೊಂಡಿದ್ದರು.

ಈ ಕೊನೆಯ ಉತ್ತರ ಬಂದಾಗ ಜಗುಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹೊಸ ಬೋರ್ ಕೊರೆಸಿದ್ದರೂ ಅದರ ಮೋಟರ್ ಕೂಡ ರಾತ್ರಿ ಹೀಗೇ ನಿಂತಿರುತ್ತಿತ್ತು, ಅಲ್ವಾ?

ತೀರ್ಮಾನ ಮಾಡಿ ಏಳುವ ಮೊದಲು ಇನ್ನೊಂದು ಸುತ್ತು ಚೀಟಿ ಬರೆಸಿದೆವು. ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಹೇಳಿಕೊಟ್ಟ ದಾರಿ ಅದು. ಆರು ತಿಂಗಳಾಗಿದೆ, ನಮ್ಮ ಯೋಜನೆ ಕೆಟ್ಟು ಹೋಗಿದೆ ಅಂದುಕೊಳ್ಳಿ, ಯಾಕೆ ಕೆಟ್ಟಿತು ಬರೆಯಿರಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಅನ್ನುತ್ತಾರಲ್ಲ, ಇಲ್ಲಿ ಕೊಳ್ಳೆಯನ್ನು ಮೊದಲೇ ಮನಸ್ಸಿನಲ್ಲಿ ನೋಡಿ ಬಾಗಿಲು ಹಾಕುವುದು. "ಸ್ಟಾರ್ಟರ್ ಮತ್ತೆ ಸುಡುತ್ತೆ, ಮತ್ತೆ ಯಾರೂ ನೋಡಲ್ಲ" ಎಂದು ಐದು ಜನ ಬರೆದಿದ್ದರು. ಹಾಗಾಗಿ ರಿಪೇರಿ ಜೊತೆಗೆ, ಪ್ರತಿ ವಾರ ಟ್ಯಾಂಕ್ ನೋಡುವವರ ಹೆಸರನ್ನು ಘಟಕದ ಗೋಡೆ ಮೇಲೆ ಬಣ್ಣದಲ್ಲಿ ಬರೆಸುವುದು ಎಂದಾಯಿತು.

ಒಂದು ತೊಡಕು ಮಾತ್ರ ಚೀಟಿಯಿಂದ ಬಗೆಹರಿಯಲಿಲ್ಲ. ಸಾಲಿನಲ್ಲಿ ನಿಲ್ಲುವ ಅಜ್ಜಿಯರಲ್ಲಿ ಕೆಲವರಿಗೆ ಬರೆಯಲು ಬರುವುದಿಲ್ಲ. ಮುಂದಿನ ಸಭೆಗೆ ಆ ಪಿಯುಸಿ ಹುಡುಗಿ ಅರ್ಧ ಗಂಟೆ ಮೊದಲೇ ಬಂದು, ಕಂಬದ ಪಕ್ಕ ಕೂತು, ಒಬ್ಬೊಬ್ಬರನ್ನೇ ಕರೆದು, "ಹೇಳಜ್ಜಿ, ಮೆಲ್ಲಗೆ ಹೇಳು, ನಾನು ಬರೀತೀನಿ" ಅನ್ನುತ್ತಿದ್ದಳು.