ಜೀನ್ ಪರ್ಡಿ ಬರೀ ನರ್ಸ್ ಆಗಿದ್ದರೇ?

ಪ್ರಶ್ನೆ: ಮೊದಲ ಪ್ರನಾಳ ಶಿಶುವಿನ ತಂಡದಲ್ಲಿದ್ದ ಜೀನ್ ಪರ್ಡಿ ವಿಜ್ಞಾನಿಯೋ, ಸಹಾಯಕಿಯೋ?

ವಿಜ್ಞಾನಿ. ಪ್ರತಿ ಜುಲೈ 25ಕ್ಕೆ ಆ ಮೊದಲ ಶಿಶು ಲೂಯಿಸ್ ಬ್ರೌನ್ ಹುಟ್ಟುಹಬ್ಬದ ಸುದ್ದಿ ಬಂದಾಗಲೆಲ್ಲ ಇದನ್ನೇ ಹೇಳಬೇಕಾಗುತ್ತದೆ. ಪರ್ಡಿ ಓದಿದ್ದು ನರ್ಸಿಂಗ್, ನಿಜ. ಆದರೆ 1968ರಲ್ಲಿ ಕೇಂಬ್ರಿಡ್ಜ್‌ನಲ್ಲಿ ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್ ಅವರ ಪ್ರಯೋಗಾಲಯ ಸೇರಿದ ಮೇಲೆ ಅವರು ಮಾಡಿದ ಕೆಲಸಕ್ಕೆ ಇಂದು ಪ್ರತಿ ಐವಿಎಫ್ (ದೇಹದ ಹೊರಗೆ ಗರ್ಭಧಾರಣೆ) ಕೇಂದ್ರದಲ್ಲೂ ಎಂಬ್ರಿಯಾಲಜಿಸ್ಟ್, ಅಂದರೆ ಭ್ರೂಣತಜ್ಞ, ಎಂಬ ಹುದ್ದೆಯಿದೆ.

ಆ ಕೆಲಸ ಎಂಥದ್ದು? ಇಂಗ್ಲೆಂಡಿನ ಓಲ್ಡಮ್‌ನಲ್ಲಿ ಸ್ತ್ರೀರೋಗತಜ್ಞ ಪ್ಯಾಟ್ರಿಕ್ ಸ್ಟೆಪ್ಟೋ ಹೊಟ್ಟೆಯೊಳಗೆ ನೋಡುವ ಕೊಳವೆಯಂಥ ಉಪಕರಣ ಲ್ಯಾಪರೋಸ್ಕೋಪಿನಿಂದ ಅಂಡಕೋಶದ ದ್ರವ ಹೀರಿ ಕೊಟ್ಟರೆ, ಅದರೊಳಗೆ ಸುಮಾರು 0.1 ಮಿ.ಮೀ. ಗಾತ್ರದ ಅಂಡಾಣುವನ್ನು ಸೂಕ್ಷ್ಮದರ್ಶಕದಡಿ ಹುಡುಕಬೇಕು, 37 ಡಿಗ್ರಿಯಿಂದ ತಣಿಯಗೊಡಬಾರದು. ಭ್ರೂಣ ಬೆಳೆಯುವ ದ್ರಾವಣ ರೆಡಿಮೇಡ್ ಸಿಗುತ್ತಿರಲಿಲ್ಲ. ಪರ್ಡಿ ಅದನ್ನು ತಾವೇ ತಯಾರಿಸುತ್ತಿದ್ದರು. ಅದರಲ್ಲಿನ ಬೈಕಾರ್ಬನೇಟ್‌ಗೆ ಸರಿದೂಗುವಷ್ಟು ಇಂಗಾಲದ ಡೈಆಕ್ಸೈಡ್, ಅಂದರೆ ಸುಮಾರು 5%, ಮೇಲಿನ ಗಾಳಿಯಲ್ಲಿ ಇರಲೇಬೇಕು. ಮುಚ್ಚಳ ಹೆಚ್ಚು ಹೊತ್ತು ತೆರೆದಿಟ್ಟರೆ ಅನಿಲ ಹಾರಿಹೋಗಿ ದ್ರಾವಣ ಕ್ಷಾರೀಯವಾಗುತ್ತದೆ, ಭ್ರೂಣದ ವಿಭಜನೆ ಅಲ್ಲಿಗೇ ನಿಲ್ಲಬಹುದು. ಇಷ್ಟೆಲ್ಲದರ ಲೆಕ್ಕ ಬರೆದಿಡುತ್ತಿದ್ದವರೂ ಅವರೇ. ಲೂಯಿಸ್ ಆಗಿ ಬೆಳೆದ ಭ್ರೂಣ ಎಂಟು ಕೋಶಗಳಾಗಿ ಒಡೆದದ್ದನ್ನು ಮೊದಲು ಕಂಡವರೂ ಪರ್ಡಿ.

ಸಾಲದಿದ್ದರೆ ಪ್ರಬಂಧಗಳನ್ನೇ ತೆಗೆದು ನೋಡಿ. 1970 ಮತ್ತು 1971ರಲ್ಲಿ ವಿಜ್ಞಾನ ಪತ್ರಿಕೆ ‘ನೇಚರ್’ನಲ್ಲಿ ಬಂದ ಪ್ರಬಂಧಗಳಲ್ಲಿ ಎಡ್ವರ್ಡ್ಸ್, ಸ್ಟೆಪ್ಟೋ ಜೊತೆಗೆ ಪರ್ಡಿ ಹೆಸರೂ ಲೇಖಕರ ಸಾಲಿನಲ್ಲೇ ಇದೆ. ಸಹಾಯಕರಿಗೆ ಧನ್ಯವಾದ ಹೇಳುವ ಕೊನೆಯ ಸಾಲಿನಲ್ಲಲ್ಲ. 1978ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ಗೆ ಬರೆದ ಪುಟ್ಟ ಪತ್ರಕ್ಕೆ ಮಾತ್ರ ಸ್ಟೆಪ್ಟೋ, ಎಡ್ವರ್ಡ್ಸ್ ಇಬ್ಬರದೇ ಸಹಿ ಬಿತ್ತು. ಜನರ ನೆನಪಿನಲ್ಲಿ ಉಳಿದದ್ದು ಆ ಎರಡೇ ಹೆಸರು. ಓಲ್ಡಮ್‌ನ ಸ್ಮಾರಕ ಫಲಕದಲ್ಲಿ ಪರ್ಡಿ ಹೆಸರೂ ಇರಲಿ ಎಂದು ಎಡ್ವರ್ಡ್ಸ್ ಸ್ವತಃ ಕೇಳಿಕೊಂಡರೂ ಆಗ ಸೇರಿಸಲಿಲ್ಲ. ಹೆಸರಿರುವ ಫಲಕ ಬಂದದ್ದು 2015ರಲ್ಲಿ. ಪರ್ಡಿ 1985ರಲ್ಲೇ, 39ನೇ ವಯಸ್ಸಿಗೆ ತೀರಿಕೊಂಡಿದ್ದರು. ಎಡ್ವರ್ಡ್ಸ್‌ಗೆ ನೊಬೆಲ್ ಬಂದದ್ದು 2010ರಲ್ಲಿ. ಬದುಕಿಲ್ಲದವರಿಗೆ ಅದನ್ನು ಘೋಷಿಸುವುದಿಲ್ಲ. ಸ್ಟೆಪ್ಟೋಗೂ ಹಾಗಾಗಿಯೇ ತಪ್ಪಿತು.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಇನ್ನೊಂದಿದೆ: 1970ರ ಹೊತ್ತಿಗೇ ಗಾಜಿನ ತಟ್ಟೆಯಲ್ಲಿ ಭ್ರೂಣ ಬೆಳೆಯುತ್ತಿದ್ದರೆ ಮಗುವಿಗೆ 1978ರವರೆಗೆ ಯಾಕೆ ಕಾಯಬೇಕಾಯಿತು? ಓಲ್ಡಮ್‌ನಲ್ಲಿ 112 ಭ್ರೂಣ ವರ್ಗಾವಣೆಗಳಾದವು, ಹುಟ್ಟಿದ್ದು ಎರಡೇ ಮಕ್ಕಳು. ಹೆಚ್ಚು ಅಂಡಾಣು ಸಿಗಲೆಂದು ಕೊಡುತ್ತಿದ್ದ ಹಾರ್ಮೋನ್ ಚುಚ್ಚುಮದ್ದು ಋತುಚಕ್ರದ ಉತ್ತರಾರ್ಧವನ್ನು ಮೊಟಕುಗೊಳಿಸುತ್ತಿತ್ತು. ಭ್ರೂಣ ಅಂಟಿಕೊಳ್ಳುವಷ್ಟರಲ್ಲಿ ಗರ್ಭಕೋಶದ ಒಳಪದರ ಕಳಚತೊಡಗುತ್ತಿತ್ತು. ಕೊನೆಗೆ ಚುಚ್ಚುಮದ್ದು ಕೈಬಿಟ್ಟು, ಮೂತ್ರದಲ್ಲಿ ಎಲ್‌ಎಚ್ (ಅಂಡಾಣು ಬಿಡುಗಡೆಗೆ ಸೂಚನೆ ಕೊಡುವ ಹಾರ್ಮೋನ್) ಏರುವ ಗಳಿಗೆಯನ್ನು ಹಗಲುರಾತ್ರಿ ಕಾದು, ಸಹಜವಾಗಿ ಬಲಿತ ಒಂದೇ ಅಂಡಾಣುವನ್ನು ತೆಗೆದರು. ಲೂಯಿಸ್ ಹುಟ್ಟಿದ್ದು ಹಾಗೆ. ಮುಂದೆ ಚುಚ್ಚುಮದ್ದು ಮತ್ತೆ ಬಳಕೆಗೆ ಬಂತು. ಅದಕ್ಕೇ ಇಂದು ಅಂಡಾಣು ತೆಗೆದ ಮೇಲೆ ವೈದ್ಯರು ಗರ್ಭಕೋಶದ ಒಳಪದರ ಉಳಿಸುವ ಹಾರ್ಮೋನ್ ಪ್ರೊಜೆಸ್ಟರಾನ್ ಬರೆದುಕೊಡುತ್ತಾರೆ. ನಡುವೆ ನೀವಾಗಿಯೇ ಅದನ್ನು ನಿಲ್ಲಿಸಬೇಡಿ.